ಮಂಗಳವಾರದವರು

“ಕೆಳಗಿರೋರು ಇನ್ನೂ ಎತ್ತಿ ಹಿಡೀರಿ! ಗೋಡೆ, ಗೋಡೆ ನೋಡ್ಕೊಂಡು!”

ಎರಡನೆಯ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ ಹೆಣ ಹೊತ್ತ ನಾಲ್ವರೂ ಬೆವರುತ್ತಿದ್ದರು. ಆ ಕಟ್ಟಡದ ಲಿಫ್ಟಿನಲ್ಲಿ ಮನುಷ್ಯ ನಿಂತೇ ಇಳಿಯಬೇಕು, ಮಲಗಿ ಇಳಿಯುವಂತಿಲ್ಲ. ಬದುಕಿದ್ದಾಗ ಐವತ್ತೆಂಟು ಕಿಲೋ ದಾಟದವರು ಈಗ ಇಷ್ಟು ಭಾರವಾದದ್ದು ಹೇಗೆ ಎಂದು ಒಬ್ಬ ಗೊಣಗಿದ.

“ಅವರನ್ನೇ ಕೇಳು, ಗ್ರಾಮಿನ ಲೆಕ್ಕದಲ್ಲಿ ಹೇಳ್ತಾರೆ” ಎಂದ ಇನ್ನೊಬ್ಬ.

ಬರಬಾರದ ಹೊತ್ತಿನಲ್ಲಿ ಬಂದ ನಗುವನ್ನು ನಾಲ್ವರೂ ಕೆಮ್ಮಾಗಿ ಮಾಡಿಕೊಂಡರು.

ಸತ್ತವರು ತಕ್ಕಡಿ ರಿಪೇರಿಯವರು. ಮೂವತ್ತಾರು ವರ್ಷ ಮಾರುಕಟ್ಟೆಯ ಅಂಗಡಿ ಅಂಗಡಿಗೂ ಹೋಗಿ, ಮುಳ್ಳು ಸರಿಪಡಿಸಿ, ತೂಕದ ಕಲ್ಲು ಇಟ್ಟು ಪರೀಕ್ಷಿಸಿ ಬಂದವರು. ಗುಂಜಿಯಷ್ಟು ವ್ಯತ್ಯಾಸವನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಮಾರುಕಟ್ಟೆಯವರು ಅವರನ್ನು ಗುಂಜಿಯವರು ಎಂದೇ ಕರೆಯುತ್ತಿದ್ದರು. ನಿನ್ನೆ ಬೆಳಿಗ್ಗೆ ಒಂದು ಅಂಗಡಿಯಲ್ಲಿ ಎರಡು ಕಿಲೋ ಕಲ್ಲನ್ನು ಕೈಯಲ್ಲಿ ಹಿಡಿದಿದ್ದಂತೆಯೇ ಕುಸಿದಿದ್ದರು.

ಅವರ ಹಿಂದೆ, ಕಂಬಿ ಹಿಡಿದು, ಹೆಂಡತಿ ಇಳಿದು ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಹಾಸು ಹೊದಿಕೆಗಳನ್ನು ಎಣಿಸಿದವಳು; ಎಣಿಸದೆ ಏನನ್ನೂ ನೋಡಲಾರಳು. ನೆಲಮಹಡಿಯ ಹಜಾರದಲ್ಲಿ ನಲವತ್ತು ಕುರ್ಚಿ. ಕೂತವರು ಮೂವತ್ತೊಂದು. ಅವರಲ್ಲಿ ಏಳು ಮಂದಿ ಯಾರೆಂದು ಗೊತ್ತಿಲ್ಲ.

“ಅತ್ತಿಗೆ,” ನಾದಿನಿ ಕಿವಿಗೆ ಬಾಯಿಟ್ಟಳು, “ಹಿಂದಿನ ಸಾಲಿನೋರು ಯಾರು? ನಿಮ್ಮ ಕಡೆಯೋರಾ?”

“ಅಲ್ಲ. ಅಂಗಡಿಯೋರಿರಬೇಕು.”

“ಅಂಗಡಿಯೋರೆಲ್ಲ ಈ ಕಡೆ ಕೂತಿದ್ದಾರೆ. ನಾನು ವಿಚಾರಿಸ್ಕೊಂಡೇ ಬಂದೆ. ಒಬ್ಬ ಬೇಕರಿಯವನಂತೆ. ‘ನಮ್ಮಣ್ಣ ಹೇಗೆ ಪರಿಚಯ’ ಅಂದ್ರೆ ‘ಮಂಗಳವಾರದ ಪರಿಚಯ’ ಅಂದ. ಪಕ್ಕದವನನ್ನ ಕೇಳಿದ್ರೆ ಅವನೂ ‘ಮಂಗಳವಾರದ ಪರಿಚಯ’. ಏಳು ಜನಕ್ಕೂ ಒಂದೇ ಬಾಯಿ, ಪಾಠ ಒಪ್ಪಿಸಿದ ಹಾಗೆ!”

“ಆ ಹೆಂಗಸು?”

“ಅದನ್ನೇ ಹೇಳೋಕೆ ಬಂದೆ. ಬಸ್ ಓಡಿಸ್ತಾಳಂತೆ. ಮನೆಯೋರ ಕಣ್ಣೇ ಒಣಗಿರೋವಾಗ ಅವಳ ಕಣ್ಣಲ್ಲಿ ಯಾಕಿಷ್ಟು ನೀರು?” ಎಂದವಳು, ಆಡಬಾರದ್ದನ್ನು ಆಡಿದೆನೆಂದು ನಾಲಿಗೆ ಕಚ್ಚಿಕೊಂಡಳು.

ಆಕೆ ಆ ಹೆಂಗಸಿನತ್ತ ನೋಡಿದಳು. ಅಗಲವಾದ ಆ ಹೆಗಲುಗಳನ್ನು ಬಾಗಿಲು ದಾಟುವಾಗಲೇ ಗುರುತು ಹಿಡಿದಿದ್ದಳು. ಆರು ವರ್ಷಗಳ ಹಿಂದೆ ಒಮ್ಮೆ, ಒಂದೇ ಒಮ್ಮೆ, ನೋಡಿದ ಹೆಗಲುಗಳು.

*

ಅದೂ ಒಂದು ಮಂಗಳವಾರ. ಸಂಜೆ ಐದೂವರೆಗೆ ಗಂಡ ತಲೆ ಬಾಚಿಕೊಂಡರು. ತಕ್ಕಡಿ ರಿಪೇರಿಗೆ ಹೋಗುವ ಮನುಷ್ಯ ತಲೆ ಬಾಚಿಕೊಳ್ಳುವುದಿಲ್ಲ. ಪರಿಕರದ ಪೆಟ್ಟಿಗೆಯೂ ಮನೆಯಲ್ಲೇ ಉಳಿಯಿತು.

ಆಕೆ ಹಿಂಬಾಲಿಸಿದಳು. ಎರಡು ಬೀದಿ, ಒಂದು ಮೇಲ್ಸೇತುವೆ, ಮುಚ್ಚಿದ ಶಾಲೆಯೊಂದರ ಹಿಂಬದಿ. ಅಲ್ಲಿ ಒಂದು ಬಾಗಿಲನ್ನು ಹೆಗಲಿನಿಂದ ತಡೆದು ನಿಂತಿದ್ದ ಹೆಂಗಸು, “ಬಂದ್ರಾ? ನಿಮಗೋಸ್ಕರಾನೇ ಕಾಯ್ತಿದ್ವಿ” ಎಂದಳು. ಬಾಗಿಲು ಮುಚ್ಚಿತು. ಒಳಗೆ ಯಾರೋ ನಕ್ಕರು. ಅದು ಗಂಡನ ನಗುವೇ ಎಂದು ತಿಳಿಯಲು ಆಕೆಗೆ ಕ್ಷಣ ಹಿಡಿಯಿತು; ಆ ನಗುವನ್ನು ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

“ಎಲ್ಲಿಗೆ ಹೋಗಿದ್ರಿ?” ಎಂದು ಕೇಳಿದ್ದಳು, ಬಂದ ಮೇಲೆ.

“ಒಂದು ತಕ್ಕಡಿ ಸರಿಯಿರಲಿಲ್ಲ.”

“ಯಾರದ್ದು?”

“ನಂದೇ ಅನ್ಕೋ.”

ಮಾತು ಮರೆಸುವುದು ಅಪರಾಧದ ಮೊದಲ ಗುರುತೆಂದು ಆಕೆ ತೀರ್ಮಾನಿಸಿದಳು. ಗಂಡನಿಲ್ಲದಾಗ ಪರಿಕರದ ಪೆಟ್ಟಿಗೆಯನ್ನು ತೆರೆದಳು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನ ಸಣ್ಣ ಅಂಕಿಗಳ ಸಾಲು: 1190, 1010, 760, 455. ಮತ್ತೆ 1190. ಮತ್ತೆ ಇಳಿತ. ಬಿಡಿ ಬಿಡಿಯಾಗಿ ಬರೆದ ಫೋನ್ ನಂಬರೇ ಇರಬೇಕು ಎನ್ನಿಸಿ, 760ರಿಂದ ಹತ್ತು ಅಂಕಿ ಜೋಡಿಸಿ ಒತ್ತಿದಳು. ಎತ್ತಿದವನು ಟೈರಿನ ಅಂಗಡಿಯವನು: “ಯಾವ ಸೈಜು ಬೇಕು?” ಎಂದ. ಆಕೆ ಫೋನಿಟ್ಟಳು.

ಅಂಕಿಗಳು ಒಂದು ಕಡೆ ಥಟ್ಟನೆ ನಿಂತಿದ್ದವು. ಮಂಗಳವಾರಗಳು ಮಾತ್ರ ನಿಲ್ಲಲಿಲ್ಲ.

ಮತ್ತೆಂದೂ ಆಕೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಅಂಜಿಕೆ. ಆರು ವರ್ಷ, ಪ್ರತಿ ಮಂಗಳವಾರ, ಗಂಡನ ಅಂಗಿಯ ಕೊರಳನ್ನು ಬೆಳಕಿಗೆ ಹಿಡಿದು ನೋಡಿದಳು. ಒಗೆಯುವವಳ ಕಣ್ಣಿಗೆ ಬೀಳದ ಕಲೆಯಿಲ್ಲ, ಏನೂ ಬೀಳಲಿಲ್ಲ. ಕಲೆಯಿಲ್ಲದ ಬಟ್ಟೆಯಷ್ಟು ಅನುಮಾನದ್ದು ಬೇರೊಂದಿಲ್ಲ ಎಂದುಕೊಂಡಳು.

*

ಕುಡಿಯುವ ನೀರಿನ ಡ್ರಮ್ಮಿನ ಬಳಿ ಬಸ್ಸಿನವಳು ಒಂಟಿಯಾಗಿ ಸಿಕ್ಕಳು. ಅಕ್ಕಪಕ್ಕ ಯಾರೂ ಇರಲಿಲ್ಲ.

“ನನ್ನ ಗಂಡನಿಗೂ ನಿಮಗೂ ಏನು?”

ಲೋಟ ಅವಳ ತುಟಿಯ ಹತ್ತಿರವೇ ನಿಂತಿತು. “ಅಮ್ಮಾ, ಅದನ್ನ ಹೇಳೋ ಹಾಗಿಲ್ಲ.”

“ಹೇಳೋ ಹಾಗಿಲ್ಲ ಅಂದ್ಮೇಲೆ ಹೇಳಿದ ಹಾಗೇ ಆಯ್ತಲ್ಲ.”

“ಇಲ್ಲ, ನೀವು ತಿಳ್ಕೊಂಡಿರೋದು ಅಲ್ವೇ ಅಲ್ಲ.”

“ನಾನು ಏನು ತಿಳ್ಕೊಂಡಿದ್ದೀನಿ ಅಂತ ನಿಮಗೆ ಹೇಗೆ ಗೊತ್ತು? ಅದನ್ನೂ ಅವರೇ ಹೇಳಿದ್ರಾ?”

ಬಸ್ಸಿನವಳು ತಲೆ ತಗ್ಗಿಸಿದಳು.

“ನೋಡಿ, ನಾಲ್ಕು ಗಂಟೆಗೆ ಅವರನ್ನ ಒಯ್ಯೋ ಗಾಡಿ ಬರುತ್ತೆ,” ಆಕೆಯ ದನಿ ಏರಲಿಲ್ಲ, ಹಾಸುಗಳನ್ನು ಎಣಿಸುವ ದನಿಯೇ. “ಅಷ್ಟರೊಳಗೆ ನನಗೆ ಗೊತ್ತಾಗಬೇಕು. ಬೆಳಿಗ್ಗೆಯಿಂದ ಎಲ್ಲರೂ ‘ಅತ್ತುಬಿಡು, ಅತ್ತುಬಿಡು’ ಅಂತಿದ್ದಾರೆ. ಯಾರಿಗೆ ಅಂತ ಅಳಲಿ? ನನ್ನ ಮನೇಲಿದ್ದೋನಿಗಾ, ನಿಮ್ಮ ಹತ್ರ ಬರ್ತಿದ್ದೋನಿಗಾ?”

“ಇಬ್ಬರೂ ಒಬ್ಬರೇ ಅಮ್ಮಾ.”

“ಅದನ್ನ ನೀವು ಹೇಳಬೇಡಿ.”

ಬಸ್ಸಿನವಳ ಕಣ್ಣು ತುಂಬಿತು. ಅವಳು ತುಂಬಿದ ಲೋಟವನ್ನು ಹಾಗೇ ಡ್ರಮ್ಮಿನ ಮೇಲಿಟ್ಟು ಹಿಂದಿನ ಸಾಲಿಗೆ ಹೋದಳು. ಏಳೂ ತಲೆಗಳು ಒಂದಾಗಿ ಬಾಗಿದವು. ಗುಟ್ಟು ಮಾಡುವವರ ತಲೆಗಳೇ ಹಾಗೆ, ಗೊಂಚಲು.

ಮಗಳು ಅಷ್ಟು ಹೊತ್ತಿಗೆ ಮೂರನೆಯ ಸಲ ಮುಖ ತೊಳೆದು ಬಂದು ಮುಂದಿನ ಸಾಲಿನಲ್ಲಿ ಕೂತಳು. ಬಾಯಲ್ಲಿ ಪೆಪ್ಪರ್‌ಮೆಂಟು. ಮದುವೆ ಬೇಡವೆಂದು ಮನೆಯಲ್ಲೇ ಉಳಿದ ಮೂವತ್ತೊಂದರ ಹೆಣ್ಣು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಸಂಜೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ದಿನವಿಡೀ ಸಣ್ಣಕ್ಷರ ತೋರಿಸಿ ತಲೆನೋವು ಅವಳಿಗೆ. ಮಲಗಲಿ ಬಿಡು” ಎನ್ನುತ್ತಿದ್ದರು ಅಪ್ಪ. ಮುಂಜಾನೆ ಐದರ ಪಾಳಿಗೆ ಏಳಬೇಕಾದ ತಾಯಿ ಎಂಟಕ್ಕೇ ಮಲಗಿಬಿಡುತ್ತಿದ್ದಳು. ಮಗಳ ಕೈ ಈಗ ನಡುಗುತ್ತಿರುವುದು ದುಃಖದಿಂದ ಎಂದುಕೊಂಡಳು.

*

ಗಾಡಿಗೆ ಇನ್ನೂ ಹತ್ತು ನಿಮಿಷವಿತ್ತು. ಕಟ್ಟಡದ ಹಿರಿಯರೊಬ್ಬರು ಎದ್ದು, “ಮನೆಯವರು ಯಾರಾದರೂ ಎರಡು ಮಾತು ಹೇಳಿದರೆ ಚೆನ್ನಾಗಿರುತ್ತೆ” ಎಂದರು. ಎಲ್ಲರ ಕಣ್ಣೂ ಹೆಂಡತಿಯತ್ತ ಹೊರಳಿತು. ಆಕೆ ಅಲುಗಲಿಲ್ಲ. ಎದ್ದವಳು ಮಗಳು. ಕುರ್ಚಿಯ ಬೆನ್ನು ಹಿಡಿದು, ಗಂಟಲು ಸರಿಮಾಡಿಕೊಂಡು, ಶುರುಮಾಡಿದಳು:

“ನಾನು… ಇವರ ಮಗಳು.”

“ಇಳಿಸಮ್ಮ, ಕೇಳ್ತೀವಿ.”

ಹಿಂದಿನ ಸಾಲಿನ ಏಳೂ ಬಾಯಿಗಳಿಂದ ಒಟ್ಟಿಗೆ, ಮೆಲ್ಲಗೆ, ಅಭ್ಯಾಸದ ಬಲದಿಂದ ಬಂದ ಮಾತು. ಮಂಗಳವಾರದ ಕೋಣೆಯಲ್ಲಿ ಯಾರು ಎದ್ದುನಿಂತು ತಮ್ಮ ಗುರುತು ಹೇಳಿದರೂ ಉಳಿದವರು ಹೇಳುವ ಮಾತದು: ಹೊತ್ತಿರುವುದನ್ನು ಇಳಿಸು. ಆ ಕ್ಷಣವೇ ಬೇಕರಿಯವನು ಬಾಯಿಗೆ ಕೈ ಅಡ್ಡ ಹಿಡಿದ. ಬಸ್ಸಿನವಳು ಕಣ್ಣು ಮುಚ್ಚಿಕೊಂಡಳು. ಇಡೀ ಹಜಾರ ತಿರುಗಿ ನೋಡಿತು.

“ಕೇಳಿದ್ರಾ? ಇಳಿಸು ಅಂತಾರೆ!” ನಾದಿನಿ ಮೊಣಕೈಯಿಂದ ತಿವಿದಳು. “ಎರಡು ಇಳಿಸು, ಮೂರು ಇಳಿಸು ಅನ್ನೋರ ಭಾಷೆ ಅತ್ತಿಗೆ ಅದು. ಕುಡುಕರ ಪಟಾಲಂ! ನಮ್ಮಣ್ಣ…”

ಮಗಳು ನಿಂತಲ್ಲೇ ಬೆಳ್ಳಗಾಗಿದ್ದಳು. “ನಿಮಗೆ ನಾನು ಗೊತ್ತು,” ಎಂದಳು ಹಿಂದಿನ ಸಾಲಿಗೆ. “ಅಪ್ಪ ಎಲ್ಲಾ ಹೇಳಿದ್ದಾರೆ.”

ಬಸ್ಸಿನವಳು ಎದ್ದಳು.

“ಇಲ್ಲಮ್ಮ. ಮನೇಲಿರೋ ಬೇರೆಯೋರ ಕತೆ ಅಲ್ಲಿ ಹೇಳೋ ಹಾಗಿಲ್ಲ. ತಂತಮ್ಮದು ಮಾತ್ರ. ಅವರು ಅವರದ್ದಷ್ಟೇ ಹೇಳಿದ್ರು. ಅದನ್ನ ನಾವು ಹೊರಗೆ ಆಡಲ್ಲ. ಈಗ ಬಾಯಿ ತಪ್ಪಿತು, ಕ್ಷಮಿಸು.”

“ಅವರದ್ದು ಅಂದ್ರೆ?”

“ನಾವು ಆಡಲ್ಲಮ್ಮ.”

ಮಗಳು ಅಪ್ಪನತ್ತ ತಿರುಗಿದಳು. ಮುಂದಿನದನ್ನು ಜನರಿಗಲ್ಲ, ಅವರಿಗೇ ಹೇಳಿದಂತಿತ್ತು.

“ನನ್ನ ಬಾಟ್ಲಿ ತೂಗ್ತಿದ್ರು ಅಪ್ಪ. ನಾನು ಅಂಗಡಿಗೆ ಹೋದ್ಮೇಲೆ, ದಿನಾ. ಕಪಾಟಿನ ಹಿಂದೆ ಬಚ್ಚಿಟ್ಟಿದ್ದನ್ನೇ ತೆಗೆದು ತಕ್ಕಡಿ ಮೇಲಿಟ್ಟು. ನೀರು ಬೆರೆಸಿಟ್ರೂ ಗೊತ್ತಾಗಿಬಿಡ್ತಿತ್ತು, ಅವರ ಹತ್ರ ಯಾರ ಆಟ ನಡೆಯುತ್ತೆ? ಒಂದು ದಿನ ಬಂದು ಬಾಗಿಲ ಹತ್ರ ನಿಂತ್ರು. ‘ಇನ್ನು ತೂಗಲ್ಲ ಮಗಳೇ. ನಿನ್ನ ತೂಗಿ ತೂಗಿ ನನ್ನ ಮುಳ್ಳೇ ಕೆಟ್ಟಿದೆ. ಸರಿ ಮಾಡಿಸ್ಕೊಳ್ಳೋಕೆ ಒಂದು ಕಡೆ ಹೋಗ್ತೀನಿ, ಕುಡಿಯೋರ ಮನೆಯೋರು ಸೇರೋ ಕಡೆ. ಪಕ್ಕದ ಕೋಣೇಲಿ ನಿನ್ನಂಥೋರೂ ಕೂರ್ತಾರೆ, ಬೇಕು ಅನ್ನಿಸಿದ ದಿನ ಬಾ’ ಅಂದ್ರು. ಆಮೇಲೆ ತೂಗ್ಲಿಲ್ಲ. ನಾನೂ… ಹೋಗ್ಲಿಲ್ಲ.”

ಅವಳು ಕೂತಳು. ಪೆಪ್ಪರ್‌ಮೆಂಟನ್ನು ಹಲ್ಲು ಕಚ್ಚಿದ ಸದ್ದು ಹಜಾರಕ್ಕೆಲ್ಲ ಕೇಳಿಸಿತು.

ತಾಯಿಯ ಕಣ್ಣೆದುರು ಪೆಟ್ಟಿಗೆಯ ಮುಚ್ಚಳದ ಸಾವಿರದ ನೂರ ತೊಂಬತ್ತು ನಾನೂರ ಐವತ್ತೈದಕ್ಕೆ ಇಳಿಯಿತು. ತುಂಬಿದ ಸೀಸೆ ಬರಿಯ ಗಾಜಾಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಆರು ವರ್ಷ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಬೀದಿಬಾಗಿಲನ್ನು. ಇನ್ನೊಂದು ಬಾಗಿಲು ಆಕೆ ಮಲಗುತ್ತಿದ್ದ ಗೋಡೆಯ ಆಚೆಗೇ ಇತ್ತು. ನಿಜವಾಗಿ ಏನೂ ಗೊತ್ತಿರಲಿಲ್ಲವೇ? ಗಂಡನನ್ನು ಅನುಮಾನಿಸುವುದು ಸುಲಭವೆಂದು ಅದನ್ನೇ ಆರಿಸಿಕೊಂಡಳೇ? ಆ ಪ್ರಶ್ನೆಯ ಹತ್ತಿರ ಹೋಗಿ ಆಕೆ ಹಿಂದೆ ಸರಿದಳು.

ಗಾಡಿಯ ಹಾರ್ನ್ ಕೇಳಿಸಿತು.

*

ಗಾಡಿಯೊಳಗೆ ಎದುರುಬದುರು ಎರಡು ಬೆಂಚು, ನಡುವೆ ಅವರು. ಬಸ್ಸಿನವಳು ಹಿಂಜರಿಯುತ್ತ ನಿಂತಿದ್ದಾಗ ಆಕೆಯೇ ಕರೆದಳು: “ಹತ್ತಿ. ಜಾಗ ಇದೆ.”

ಮಗಳು ಕೊನೆಯಲ್ಲಿ ಬಂದಳು. ಮೆಟ್ಟಿಲು ಎತ್ತರ; ಹಿಡಿದು ಹತ್ತಲು ಎರಡೂ ಕೈ ಬೇಕಿತ್ತು. “ಅಮ್ಮ, ಇದನ್ನ ಹಿಡ್ಕೋ” ಎಂದು ಕೈಚೀಲವನ್ನು ಮೊದಲು ಒಳಗೆ ಕೊಟ್ಟು, ಹತ್ತಿ ಪಕ್ಕದಲ್ಲಿ ಕೂತಳು. ಚೀಲವನ್ನು ವಾಪಸು ಕೇಳಲಿಲ್ಲ. ತಲೆಯನ್ನು ತಾಯಿಯ ಹೆಗಲಿಗೆ ಒರಗಿಸಿ ಕಣ್ಣು ಮುಚ್ಚಿದಳು.

ಗಾಡಿ ಕುಲುಕಿ ಹೊರಟಾಗ ಚೀಲದೊಳಗೆ ಏನೋ ತುಳುಕಿತು. ನೀರಿನ ಬಾಟಲಿಯೇ ಇರಬಹುದು. ಎಲ್ಲರೂ ಒಯ್ಯುತ್ತಾರೆ. ತಾಯಿಯ ಹೆಬ್ಬೆರಳಿಗೆ ಜಿಪ್ಪಿನ ತುದಿ ಸಿಕ್ಕಿತು. ಎದುರು ಬೆಂಚಿನ ಬಸ್ಸಿನವಳು ಆ ಬೆರಳನ್ನು ನೋಡಿದಳು. ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಾರುಕಟ್ಟೆಯ ರಸ್ತೆ ಬಂತು. ಬೆಳಿಗ್ಗೆಯಿಂದ ಬಾರದ ಅಳು ಆಕೆಗೆ ಆಗ ಬಂತು, ಸದ್ದಿಲ್ಲದೆ, ಗಲ್ಲದಿಂದ ಕೊರಳಿಗೆ ಇಳಿಯುವಷ್ಟು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎರಡೂ ಕೈಗಳು ಆ ಚೀಲದ ಮೇಲಿದ್ದವು, ಹೆಬ್ಬೆರಳು ಜಿಪ್ಪಿನ ಮೇಲೆ, ಎಳೆಯದೆ, ಬಿಡದೆ.