ಧರ್ಮಣ್ಣನ ಮುಂದಿನವನು

ಎಪ್ಪತ್ತೆರಡನೆಯ ಇಸವಿಯಲ್ಲಿ ಪರೇಲಿನ ಆ ಬಟ್ಟೆ ಗಿರಣಿಗೆ ಕಂಪ್ಯೂಟರ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದ ಮೋಹಿನಿಗೆ ಅಂದು ಬೆಳಗಿನಿಂದ ತಲೆ ಕೆಟ್ಟಿತ್ತು. ಕಾಯಂ ಕೆಲಸಗಾರರು ಬಾರದ ದಿನ ಬದಲಿ ಆಳುಗಳನ್ನು ಯಾರ ನಂತರ ಯಾರೆಂದು ಕರೆಯಬೇಕೋ ಆ ಸರದಿಯನ್ನು ಯಂತ್ರ ಅಚ್ಚು ಹಾಕಿ ಕೊಡಬೇಕು. ಒಬ್ಬೊಬ್ಬನಿಗೂ ಒಂದು ತೂತಿನ ಕಾರ್ಡು. ಅದರಲ್ಲಿ ಅವನ ನಂಬರು, ಹೆಸರು, ಸರದಿಯಲ್ಲಿ ಮುಂದಿನವನ ನಂಬರು. ಆ ನಂಬರು ಹಿಡಿದು ಯಂತ್ರ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತಿತ್ತು. ಈಗ ಧರ್ಮಣ್ಣನೆಂಬ ಆಳಿನ ಹೆಸರು ಬಂದದ್ದೇ ತಡ, ಗಕ್ಕನೆ ನಿಲ್ಲುತ್ತಿತ್ತು. ನಂತರದವರ ಹೆಸರೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಧರ್ಮಣ್ಣನ ಕಾರ್ಡು ತೋರಿಸುತ್ತಿದ್ದ ನಂಬರಿನ ಕಾರ್ಡೇ ಅಲ್ಲಿರಲಿಲ್ಲ. ಹಳೆಯ ಪಟ್ಟಿಯಲ್ಲಿ ಅದು ಚಂದ್ರಾಮನ ನಂಬರು; ಯಾರೋ ಅವನ ಕಾರ್ಡನ್ನು ತೆಗೆದಿದ್ದರು.

“ನಾನ ತಗದೀನ್ರಿ,” ಎಂದ ಲೇಬರ್ ಆಫೀಸರ್ ಬಸವಂತರಾಯ, ಪಾನ್ ಜಗಿಯುತ್ತ. “ಕುಡಿಯೋ ನೀರಿನ ಟಾಕ್ಯಾಗ ಇಲಿ ಸತ್ತಿತ್ತಂತ, ಆ ಚಂದ್ರಾಮ ಅನ್ನೋ ಮಗ ಅದನ್ನ ಬಾಲ ಹಿಡದು ಸಾಹೇಬ್ರ ಮೇಜಿನ ಮ್ಯಾಲ ತಂದಿಟ್ಟಾನ. ಇಂಥಾವ್ರು ಬ್ಯಾಡ ನಮಗ.”

“ಇಲಿ ಇದ್ದದ್ದು ನಿಜವಾ?”

“ಇತ್ತು, ಕೊಳತಿತ್ತು. ಅದಕ್ಕೇನೀಗ? ನಾವೇನು ಆ ನೀರು ಕುಡೀತೀವೇನು?” ಅವನು ನಕ್ಕ. ಕೆಂಪು ರಸ ಗದ್ದಕ್ಕಿಳಿಯಿತು. ಅಂಗೈಯಿಂದ ಒರೆಸಿ, ಅದೇ ಕೈಯನ್ನು ಅವಳ ಕಾರ್ಡುಗಳ ಮೇಲಿಟ್ಟ. “ಲಗೂನ ಸರಿ ಮಾಡ್ರಿ.”

ಮೋಹಿನಿ ಕಾರ್ಡುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಈ ಪರಭಾಷೆಯ ಊರಿನಲ್ಲಿ ಕನ್ನಡ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದು ಈ ಮನುಷ್ಯನ ಎದುರು ಕ್ಯಾಂಟೀನಿನಲ್ಲಿ ಎಷ್ಟು ಸಲ ಕೂತಿದ್ದಳೋ!

ಧರ್ಮಣ್ಣನ ಕಾರ್ಡಿನಲ್ಲಿ ಮುಂದಿನ ನಂಬರೊಂದನ್ನು ಬದಲಿಸಿದರೆ ಸಾಕು, ಸರದಿ ಚಂದ್ರಾಮನನ್ನು ದಾಟಿ ಹೋಗುತ್ತಿತ್ತು. ಅವನೊಬ್ಬ ಇದ್ದನೆಂದೇ ತಿಳಿಯುತ್ತಿರಲಿಲ್ಲ. ಒಬ್ಬನ ಅನ್ನ ಕಿತ್ತುಕೊಳ್ಳುವುದು ಇಷ್ಟು ಸಲೀಸೇ ಎಂದು ಅವಳಿಗೆ ಅಸಹ್ಯವಾಯಿತು. ಚಂದ್ರಾಮನ ಹೆಸರಿಗೆ, ಅವನ ಮುಂದಿನವನ ನಂಬರು ಸಹಿತ ಹೊಸ ಕಾರ್ಡು ಮಾಡಿ ಅವನ ಜಾಗದಲ್ಲಿಟ್ಟಳು. ಯಂತ್ರ ಕೊನೆಯ ಹೆಸರಿನ ತನಕ ಓಡಿತು.

ಅಚ್ಚಾಗಿ ಬಂದ ಕಾಗದ ನೋಡಿ ಬಸವಂತರಾಯ ಕಿಡಿಕಿಡಿಯಾದ. “ಇಂವ ಯಾಕ ಮತ್ತ ಬಂದಾ?”

“ಸರಿ ಮಾಡಿ ಅಂದ್ರಿ, ಮಾಡಿದೆ. ತೆಗೆಯಬೇಕಾದರೆ ಕಾರಣ ಬರೆದು ಸಹಿ ಹಾಕಿ ಕೊಡಿ. ಇಲಿಯ ವಿಷಯವನ್ನೂ ಬರೆಯಿರಿ.”

ಅವನು ಬರೆಯಲಿಲ್ಲ. ಮರುದಿನ ಗೇಟಿನಲ್ಲಿ ಧರ್ಮಣ್ಣನ ನಂತರ ಚಂದ್ರಾಮನನ್ನೇ ಕೂಗಿದರು. ಆದರೆ ಆ ವಾರವೇ ಮೋಹಿನಿಯನ್ನು ಪ್ರೋಗ್ರಾಂ ಕೆಲಸದಿಂದ ಬಿಡಿಸಿ, ಕಾರ್ಡು ತೂತು ಮಾಡುವವರ ಜೊತೆ ಕೂರಿಸಿದರು.

“ಆರಾಮ ಇದ್ದೀರಿಲ್ರಿ?” ಕಾರಿಡಾರಿನಲ್ಲಿ ಎದುರಾದ ಬಸವಂತರಾಯ ಮೊದಲಿನಷ್ಟೇ ನಯವಾಗಿ ಕೇಳಿದ.

ಮೋಹಿನಿ ಸೆರಗು ಎಳೆದುಕೊಂಡು, ದಾರಿಯಲ್ಲಿ ಬಿದ್ದ ಹೇಸಿಗೆಯನ್ನು ಬಳಸಿ ಹೋಗುವವಳಂತೆ ಗೋಡೆಯ ಬದಿಗೆ ಸರಿದು ನಡೆದಳು.