ಬಿಚ್ಚದ ಛತ್ರಿ

ನಾನು ಒಂದು ಕಪ್ಪು ಛತ್ರಿ. ಹುಬ್ಬಳ್ಳಿಯ ಖಾದರಸಾಬರು ಕಡ್ಡಿ ಕಡ್ಡಿಗೂ ಬಟ್ಟೆ ಹೊಲಿದು ನನ್ನನ್ನು ಮಾಡಿದರು. ಕೆಲಸ ಮುಗಿದ ಮೇಲೆ ಅಂಗಡಿಯ ಮುಂದೆ ಬಿಸಿಲಿಗೆ ಹಿಡಿದು, "ನೆಳ್ಳು ಚಲೋ ಬಿತ್ತು ನೋಡ್ರಿ" ಎಂದು ಹಿಗ್ಗಿದರು. ಆಮೇಲೆ ಮೂರು ವರ್ಷ ನನ್ನನ್ನು ಯಾರೂ ಬಿಚ್ಚಲಿಲ್ಲ. ಸಿಟ್ಟು ಬರದೆ ಇನ್ನೇನು ಬಂದೀತು ನನಗೆ?

ನನ್ನನ್ನು ಕೊಂಡವನು ವಿನಾಯಕ ಹೂಗಾರ, ಮಂದಿಯನ್ನು ಯುರೋಪ್ ಪ್ರವಾಸಕ್ಕೆ ಕರೆದೊಯ್ಯುವ ಟೂರ್ ಮ್ಯಾನೇಜರ್. ನನ್ನ ತುದಿಗೆ ಹಳದಿ ಕರವಸ್ತ್ರ ಕಟ್ಟಿ, ಮಡಚಿದಂತೆಯೇ ಮೇಲೆತ್ತಿ ಹಿಡಿದು ನಡೆಯುತ್ತಿದ್ದ. ಅದನ್ನೇ ಗುರುತು ಹಿಡಿದು ಎಲ್ಲರೂ ಹಿಂಬಾಲಿಸಬೇಕು. ಬೇರೆ ಛತ್ರಿಗಳಿದ್ದರೆ ಗುರುತು ತಪ್ಪುತ್ತದೆಂದು ಉಳಿದವರಿಗೆ ಛತ್ರಿಯೇ ತರಬೇಡಿ ಎಂದಿದ್ದ, ಪುಣ್ಯಾತ್ಮ! ರೋಮಿನಲ್ಲಿ, ಅಥೆನ್ಸಿನಲ್ಲಿ ಬೇಸಿಗೆಯ ಕಲ್ಲುಹಾಸು ಕಾದ ಹೆಂಚಿನಂತಿರುತ್ತಿತ್ತು. ಕೆಳಗೆ ವಯಸ್ಸಾದವರ ನೆತ್ತಿ ಸುಡುತ್ತಿದ್ದರೆ, ನಾನು ನೆರಳನ್ನು ಹೊಟ್ಟೆಯೊಳಗಿಟ್ಟುಕೊಂಡು ಮೇಲೆ ನಿಂತಿರುತ್ತಿದ್ದೆ.

ಈ ವರ್ಷದ ಗುಂಪಿನಲ್ಲಿ ಧಾರವಾಡದ ಗೋದಾವರಿಬಾಯಿ ಮತ್ತು ಅವರ ಯಜಮಾನರು ವೆಂಕೋಬರಾಯರು ಇದ್ದರು. ಸ್ಪೇನಿನ ಸೆವಿಲ್ ನಗರ ಸೇರಿದ ದಿನ ಆಷಾಢ ಏಕಾದಶಿ. ಬಾಯಿಯವರು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ.

"ಈ ದೇಶದಾಗ ಏಕಾದಶಿ ಎಲ್ಲಿದು ಅಮ್ಮಾರ?" ಎಂದ ವಿನಾಯಕ.

"ಚಂದ್ರ ಇಲ್ಲೂ ಅವನಽ ಅಲ್ಲೇನಪಾ?" ಎಂದರು ಅವರು.

ಮಧ್ಯಾಹ್ನ ದೊಡ್ಡ ಚರ್ಚಿನ ಮುಂದಿನ ಸಾಲಿನಲ್ಲಿ ಅವರ ಕಾಲು ತಡವರಿಸಿತು. ರಾಯರು ಕೂಗಿದರು: "ಆ ಛತ್ರಿ ಬಿಚ್ಚು ಮಾರಾಯಾ!"

"ಒಂದೀಟ ತಡೀರಿ ಸರ. ಬಿಚ್ಚಿದ್ರ ಫೋಟೋಕ್ಕ ಹೋದವ್ರು ನಮ್ಮನ್ನ ಹೆಂಗ ಹುಡುಕಬೇಕು?"

ಅಷ್ಟರಲ್ಲಿ ಬಾಯಿಯವರು ನೆಲಕ್ಕೆ ಕುಸಿದರು. ರಾಯರು ನನ್ನನ್ನು ಕಸಿದುಕೊಂಡರು. ನಾನು ಬಿಚ್ಚಿಕೊಳ್ಳಲಿಲ್ಲ! ಮೂರು ವರ್ಷದಲ್ಲಿ ನನ್ನ ಸಂದುಗಳೆಲ್ಲ ತುಕ್ಕು ಹಿಡಿದಿದ್ದವು. ನಾಚಿಕೆಗೂ ಸಿಟ್ಟಿಗೂ ನನ್ನ ಮೈ ಉರಿಯಿತು. ರಾಯರು ಹಲ್ಲು ಕಚ್ಚಿ ನೂಕಿದರು. ಎರಡು ಕಡ್ಡಿ ಮುರಿದವು, ನಾನು ತೆರೆದುಕೊಂಡೆ. ಬಾಯಿಯವರ ಮುಖದ ಮೇಲೆ ನೆರಳು ಬಿತ್ತು.

ಬಾಯಿಯವರು ಕಣ್ಣು ತೆರೆದರು, ಆದರೆ ನೀರಿಗೆ ಬಾಯಿ ತೆರೆಯಲಿಲ್ಲ. "ನಾಳೆ ದ್ವಾದಶಿಗೆ ಕುಡೀತೀನಿ" ಎಂದರು.

ರಾಯರು ಹಿಡಿದಿದ್ದ ನೀರಿನ ಬಾಟಲಿಯನ್ನು ಹಿಂದಕ್ಕೆಳೆದುಕೊಂಡರು. "ಹಂಗಾದ್ರ ಗೋದಾ, ನಾನೂ ಇನ್ನ ನೀರು ಮುಟ್ಟೂದಿಲ್ಲ. ಸಕ್ಕರಿ ಗುಳಿಗೀನೂ ನುಂಗೂದಿಲ್ಲ. ಇಲ್ಲೇ ನಿನ್ನ ಬಾಜೂಕ ಮಲಗತೀನಿ."

"ಅಂಥಾ ಮಾತು ಆಡಬ್ಯಾಡ್ರಿ" ಎಂದವರೇ ಬಾಟಲಿ ಕಸಿದುಕೊಂಡು ಗಟಗಟ ಕುಡಿದರು. ಆಂಬುಲೆನ್ಸ್ ಬಂದಾಗ ಅವರು ಗಂಡನನ್ನು ಬೈಯುವಷ್ಟು ಚೇತರಿಸಿಕೊಂಡಿದ್ದರು.

ಮುರಿದ ನನ್ನನ್ನು ಮಡಚಲು ಈಗ ಯಾರಿಂದಲೂ ಆಗುವುದಿಲ್ಲ. ಗುಂಪು ಇಳಿದುಕೊಂಡಿದ್ದ ಹೋಟೆಲಿನ ಹಿಂಬಾಗಿಲಲ್ಲಿ, ವಿನಾಯಕ ಎಸೆದಲ್ಲೇ ಬಿದ್ದಿದ್ದೇನೆ. ಅಡುಗೆಮನೆಯ ಹೆಂಗಸೊಬ್ಬಳು ನನ್ನನ್ನು ಗೋಡೆಗೆ ಒರಗಿಸಿ, ನನ್ನಡಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಾಳೆ. ಈ ವಯಸ್ಸಿನಲ್ಲಿ ನನಗೆ ಸಿಕ್ಕ ನೌಕರಿ ಇದು, ನನಗೆ ಹಿಡಿಸಿದೆ.

ಆದರೆ ಬಾಯಿಯವರು ಕುಸಿದ ಮರುದಿನ ಬೆಳಿಗ್ಗೆ ಕಂಡದ್ದನ್ನು ಮರೆಯಲಾರೆ. ಉಳಿದವರನ್ನು ಕಟ್ಟಿಕೊಂಡು ವಿನಾಯಕ ಹೊರಟಿದ್ದ. ಕೈಯಲ್ಲಿ ಹೊಸ ಛತ್ರಿ, ಮಡಚಿದ್ದು. ಹಿಂದೆ ಬಿಸಿಲಿನಲ್ಲಿ ಬರಿಯ ತಲೆಗಳು, ಹೆಚ್ಚಿನವು ನರೆತವು. ಬಿಚ್ಚೋ, ನಿನ್ನ ಮನೆ ಹಾಳಾಗ, ಅದನ್ನಾದರೂ ಬಿಚ್ಚೋ!