ಒಂಬತ್ತನೇ ಪಂಜರದ ಹಾಸು

ಹ್ಯಾಲಿಫ್ಯಾಕ್ಸಿನ ಆ ಪ್ರಯೋಗಶಾಲೆಯಲ್ಲಿ ಡೆಲ್ಫೀನ್ ಮತ್ತು ಇಷ್‌ಬೆಲ್ ದಿನವೂ ಜೊತೆಗೆ ಕೂತು ಊಟ ಮಾಡುವವರು. ಗಂಡಂದಿರ ಗೊರಕೆಯಿಂದ ಹಿಡಿದು ಮೀನಿನ ಸಾರಿಗೆ ಹಾಲು ಯಾವಾಗ ಹೊಯ್ಯಬೇಕೆಂಬುದರ ತನಕ ಎಲ್ಲ ಮಾತೂ ಬರುತ್ತಿತ್ತು. ಇಲಿಗಳ ಮಾತು ಮಾತ್ರ ಬರಕೂಡದು.

ಕಾರಣವಿತ್ತು. ಬೈಪೋಲಾರ್ ಕಾಯಿಲೆಯವರಿಗೆ ಆಗಾಗ ಉನ್ಮಾದ ಏರುತ್ತದಲ್ಲ, ಅಂಥದ್ದನ್ನೇ ಮದ್ದು ಕೊಟ್ಟು ಇಲಿಗಳಿಗೆ ಬರಿಸಿದ್ದರು. ಅವುಗಳಲ್ಲಿ ಅರ್ಧಕ್ಕೆ ಮೇವಿನಲ್ಲಿ ಆ ಕಾಯಿಲೆಗೆ ಕೊಡುವ ಲಿಥಿಯಂ. ಆಮೇಲೆ ಎಲ್ಲದರ ಮಿದುಳಿನ ಎಂಆರ್‌ಐ ಚಿತ್ರ ತೆಗೆದು, ನೆನಪು ಕೂಡಿಡುವ ಆ ಪುಟ್ಟ ಭಾಗದ ಸುತ್ತ ಡೆಲ್ಫೀನ್ ಪದರ ಪದರಕ್ಕೂ ಕೈಯಾರೆ ಗೆರೆ ಎಳೆಯಬೇಕು. ಅದು ಸೊರಗಿದೆಯೋ ಉಳಿದಿದೆಯೋ ಗೊತ್ತಾಗುವುದು ಆ ಗೆರೆಯಿಂದ. ಯಾವ ಇಲಿಗೆ ಲಿಥಿಯಂ ಎಂದು ಅವಳಿಗೆ ತಿಳಿದರೆ, ಬೇಡವೆಂದರೂ ಕೈ ಒಂದು ಕೂದಲೆಳೆಯಷ್ಟು ಆಚೆಗೆ ಸರಿಯುತ್ತದೆ.

ಪಂಜರ ತೊಳೆಯುವ ಇಷ್‌ಬೆಲ್‌ಗೆ ಯಾವ ಇಲಿಗೆ ಲಿಥಿಯಂ ಎಂಬುದು ಯಾರೂ ಹೇಳದೆಯೇ ಗೊತ್ತಾಗಿಬಿಟ್ಟಿತ್ತು. ಲಿಥಿಯಂ ತಿಂದ ಇಲಿ ನೀರು ಕುಡಿದದ್ದೇ ಕುಡಿದದ್ದು. ಅದರ ಹಾಸು ಬೆಳಗಾಗುವುದರೊಳಗೆ ಉಚ್ಚೆಯಲ್ಲಿ ತೊಯ್ದು ತೊಪ್ಪೆ. ಅವಳ ತಮ್ಮ ಲಾಕ್ಲನ್ ಅದೇ ಕಾಯಿಲೆಗೆ ಲಿಥಿಯಂ ಮಾತ್ರೆಯ ಮೇಲೆ ವರ್ಷಗಟ್ಟಲೆ ನೆಟ್ಟಗಿದ್ದವನು, ಈಚೆಗೆ ಹಟ ಹಿಡಿದಿದ್ದ.

"ಅಕ್ಕಾ, ಈ ಹಾಳು ಮಾತ್ರೆ ನನ್ನ ಮಿದುಳನ್ನ ಉಳಿಸ್ತಾ ಇದೆಯೋ ತಿಂತಾ ಇದೆಯೋ? ನಿಮ್ಮ ಇಲಿಗಳ್ನ ಕೇಳಿ ಹೇಳು. ಇಲ್ದಿದ್ರೆ ಬಿಟ್ಟುಬಿಡ್ತೀನಿ."

ಹಿಂದೊಮ್ಮೆ ಬಿಟ್ಟಾಗ ಅವನು ಹಿಮದಲ್ಲಿ ಬರಿಗಾಲಲ್ಲಿ ಬಂದರಿನ ಕಡೆ ಓಡಿದ್ದ. ಅದಕ್ಕೇ ಇಷ್‌ಬೆಲ್ ಡೆಲ್ಫೀನಳ ಬೆನ್ನ ಹಿಂದೆ ಆಗಾಗ ಬಂದು ನಿಲ್ಲುತ್ತಿದ್ದಳು. ಡೆಲ್ಫೀನ್ ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಾಳೆ, ನೋಡುತ್ತಾಳೆ, ಅಳಿಸುತ್ತಾಳೆ, ಮತ್ತೆ ಎಳೆಯುತ್ತಾಳೆ. ಬೇಸರವೆಂಬುದೇ ಇಲ್ಲ. ಇವಳ ಕೈ ಹೇಳಿದ್ದು ನಿಜವೇ ಇರಬೇಕು ಎನಿಸುತ್ತಿತ್ತು.

ಕೊನೆಯ ಕೆಲವು ಚಿತ್ರಗಳಷ್ಟೇ ಉಳಿದಿದ್ದ ದಿನ ಇಷ್‌ಬೆಲ್ ಊಟಕ್ಕೆ ತಡವಾಗಿ ಬಂದಳು.

"ಏನೇ, ತೊಂಬತ್ತರ ಮುದುಕಿ ಥರ ಸೊಂಟ ಹಿಡ್ಕೊಂಡು ಬರ್ತಿದೀಯ?" ಡೆಲ್ಫೀನ್ ಕೆಣಕಿದಳು.

"ಕೂತು ಕುರ್ಚಿ ಬಿಸಿ ಮಾಡೋಳಿಗೆ ಏನ್ ಗೊತ್ತಾಗುತ್ತೆ? ಆ ಒಂಬತ್ತರ ಹಾಸು ಬದಲಾಯಿಸಿದಷ್ಟೂ ತೊಪ್ಪೆ, ನನ್ನ ಸೊಂಟ..."

ಮಾತು ಬಾಯಿಂದ ಬಿದ್ದುಹೋಗಿತ್ತು. ಡೆಲ್ಫೀನಳ ಚಮಚ ಬಟ್ಟಲಲ್ಲೇ ನಿಂತಿತು.

"ತೊಪ್ಪೆ ಅಂದ್ರೆ?" ಎಂದವಳು ತಕ್ಷಣ ಕೈ ಅಡ್ಡ ಹಿಡಿದಳು. "ಬೇಡ, ಹೇಳ್ಬೇಡ. ಗೊತ್ತಾಯ್ತು."

"ಯಾರೂ ಕೇಳಿಸ್ಕೊಂಡಿಲ್ಲ ಕಣೇ. ಮರ್ತುಬಿಡು."

"ನಾನು ಕೇಳಿಸ್ಕೊಂಡೆನಲ್ಲ! ನನ್ನ ಕೈಗೆ ಮರ್ತ್ಹೋಗು ಅಂತ ಹೇಗೆ ಹೇಳ್ಲಿ?"

ಒಂಬತ್ತರದ್ದು ಎಲ್ಲಕ್ಕಿಂತ ಸ್ವಚ್ಛವಾದ ಚಿತ್ರ, ಗೆರೆ ಇನ್ನೂ ಎಳೆದಿರಲಿಲ್ಲ. ಬೇರೆಯವರ ಕೈ ಎಳೆದರೆ ಉಳಿದವುಗಳ ಅಳತೆಗೆ ಹೊಂದದು. ಅದನ್ನು ಬಿಟ್ಟರೆ ಉಳಿದವುಗಳಿಂದ ಇತ್ಯರ್ಥವಾಗದು ಎಂದು ಇಬ್ಬರಿಗೂ ಗೊತ್ತು. ಡೆಲ್ಫೀನ್ ಬಟ್ಟಲು ಬದಿಗಿಟ್ಟು ನೆಟ್ಟಗೆ ಮುಖ್ಯಸ್ಥನ ಕೋಣೆಗೆ ಹೋದಳು. ನಡೆದದ್ದು ಹೇಳಿ, ಒಂಬತ್ತನ್ನು ಕೈಬಿಡಿ, ಹೊಸ ಇಲಿಗಳಿಂದ ಪೂರ್ತಿ ಮತ್ತೆ ಮಾಡೋಣ, ಇನ್ನೊಂದು ಚಳಿಗಾಲ ಹೋದರೂ ಹೋಗಲಿ ಎಂದಳು. ಇಷ್‌ಬೆಲ್ ಹಿಂದೆಯೇ ಹೋಗಿ ತಪ್ಪು ತನ್ನದೆಂದಳು. ಅವನು ಹಣೆ ಒತ್ತಿಕೊಂಡು ಆಗಲಿ ಎಂದ.

ಹೊರಗೆ ಬಂದಾಗ ಇಷ್‌ಬೆಲ್ ಅವಳ ತೋಳು ಹಿಡಿದಳು. "ನೀನು ಇಷ್ಟು ದಿನ ಕಣ್ಣು ಸುಟ್ಕೊಂಡಿದ್ದೆಲ್ಲ..."

"ಕಣ್ಣು ಇನ್ನೂ ಇದೆ ಬಿಡೇ," ಎಂದಳು ಡೆಲ್ಫೀನ್. ಆದರೆ ಮುಖ ಬಾಡಿತ್ತು.

ಸಂಜೆ ತಮ್ಮನ ಎದುರು ಇಷ್‌ಬೆಲ್ ಸುಳ್ಳು ಹೇಳಬಹುದಿತ್ತು. ಉಳಿಸುತ್ತದಂತೆ ಕಣೋ ಎಂದರೆ ಮುಗಿಯಿತು. ಆದರೆ ಮಧ್ಯಾಹ್ನ ಕಂಡದ್ದರ ಮೇಲೆ ನಾಲಗೆ ಏಳಲಿಲ್ಲ. ಇನ್ನೂ ಗೊತ್ತಿಲ್ಲ ಎಂದು ನಡೆದದ್ದೆಲ್ಲ ಹೇಳಿದಳು.

ಲಾಕ್ಲನ್ ತುಟಿ ಕಚ್ಚಿ ಕೇಳಿದ. "ಒಂದೇ ಒಂದು ಮಾತು ಕಿವಿಗೆ ಬಿತ್ತು ಅಂತ ಅಷ್ಟನ್ನೂ ಬಿಟ್ಟಳಾ?"

"ಬಿಟ್ಟಳು."

"ಹುಚ್ಚಿ ಅವಳು. ಹುಚ್ಚರ ವಿಷಯ ನನಗೆ ಗೊತ್ತು, ನನ್ನನ್ನ ಕೇಳು," ಎಂದು ನಕ್ಕ. ಆಮೇಲೆ ನಗು ನಿಂತಿತು. "ಅಂಥೋಳು ಒಂದು ದಿನ ಹೌದು ಅಂದ್ರೆ ಹೌದೇ. ಅವಳು ಹೇಳೋವರ್ಗೂ ನುಂಗ್ತೀನಿ, ಆಮೇಲೆ ನೋಡೋಣ."

ಮಾತ್ರೆ ಬಾಯಿಗೆ ಹಾಕಿಕೊಂಡು ಎಂದಿನಂತೆ ಮುಖ ಕಿವುಚಿದ.